ಗ್ಯಾಸ್ ಗೀಸರ್ ಆರಿದೆಯಾ? ಮೊದಲು ಮೂಗು, ಆಮೇಲೆ ಕಿವಿ, ಕೊನೆಗೆ ಕೈ

"ಕಾಕೂ, ನೀರು ಬಿಸಿ ಆಗವಲ್ದು!"

ಜುಲೈ ತಿಂಗಳು, ಬೆಳಗ್ಗೆ ಆರೂಕಾಲು. ಹೊರಗೆ ಎರಡು ದಿನದಿಂದ ಬಿಡದ ಬೆಳಗಾವಿ ಮಳೆ. ನಾನು ಕೆಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ನಾಲ್ಕು ಇಂಜಿನಿಯರಿಂಗ್ ಹುಡುಗರಲ್ಲಿ ಒಬ್ಬ ಟವೆಲ್ ಸುತ್ತಿಕೊಂಡು ಮೆಟ್ಟಿಲ ತುದಿಯಲ್ಲಿ ನಿಂತಿದ್ದ. ತಲೆ ತುಂಬ ಶಾಂಪೂ ನೊರೆ.

"ಎಷ್ಟು ಸಲ ಹಚ್ಚಿ ನೋಡಿದಿ?" ಅಂತ ಕೇಳಿದೆ.

"ಏಳೆಂಟು ಸಲ ಆತು ಕಾಕೂ. ಟಕ್ ಟಕ್ ಅಂತೈತಿ, ಹತ್ತವಲ್ದು."

ಏಳೆಂಟು ಸಲ ಅಂದದ್ದು ಕೇಳಿ ನಾನು ಮೊದಲು ನನ್ನ ಒಲೆ ಆರಿಸಿದೆ. ಹಂಚಿನ ಮೇಲಿನ ರೊಟ್ಟಿ ಅಲ್ಲೇ ಉಳಿಯಿತು. ಗೀಸರ್ ಇರೋದು ಮೇಲೆ, ಕೆಳಗಿನ ಒಲೆ ಯಾಕೆ ಆರಿಸಬೇಕು ಅಂತೀರಾ? ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಒಂದೂವರೆಯಿಂದ ಎರಡು ಪಟ್ಟು. ಸೋರಿದರೆ ಮೇಲೆ ಹಾರಿ ಹೋಗುವುದಿಲ್ಲ. ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ನಮ್ಮ ಮನೆಯಲ್ಲಿ ತಗ್ಗು ಅಂದರೆ ಮೆಟ್ಟಿಲು. ಮೆಟ್ಟಿಲು ಇಳಿದರೆ ನನ್ನ ಅಡುಗೆಮನೆ.

"ಇನ್ನೊಮ್ಮೆ ನಳ ಮುಟ್ಟಬ್ಯಾಡ. ಲೈಟಿನ ಬಟನ್ನೂ ಮುಟ್ಟಬ್ಯಾಡ. ನಾ ಬರೂತನಕ ಹೊರಗ ನಿಂದ್ರು" ಅಂತ ಕೂಗಿ ಮೇಲೆ ಹೋದೆ.

ನಾನು ಮೆಕ್ಯಾನಿಕ್ ಅಲ್ಲ. ಹಿಂದವಾಡಿಯ ಮನೆಯಲ್ಲೇ 18 ವರ್ಷದಿಂದ ಸಣ್ಣ ಖಾನಾವಳಿ ನಡೆಸುತ್ತೇನೆ, ಅಷ್ಟೇ. ದಿನ ಬೆಳಗಾದರೆ ಗ್ಯಾಸ್ ಜೊತೆಗೇ ಕೆಲಸ. ಹಾಗಾಗಿ ಅದರ ವಾಸನೆ, ಉರಿಯ ಬಣ್ಣ ಎರಡೂ ರೂಢಿಯಾಗಿವೆ. ನಾನು ಇಲ್ಲಿ ಹೇಳುವುದೆಲ್ಲ ಗೀಸರಿನ ಹೊರಗಡೆಯಿಂದ ಮಾಡುವ ಕೆಲಸ. ಮುಂದಿನ ತಗಡಿನ ಮುಚ್ಚಳ ಬಿಚ್ಚುವ ಕೆಲಸ ನಮ್ಮದಲ್ಲ. ನಾನೂ ಬಿಚ್ಚುವುದಿಲ್ಲ, ನೀವೂ ಬಿಚ್ಚಬೇಡಿ.

ಮೊದಲು ಮೂಗು.

ಗೀಸರ್ ಇರುವ ಜಾಗಕ್ಕೆ ಹೋಗಿ ನಿಂತು ಮೂಸಿದರೆ ಸಾಲದು. ಬಗ್ಗಿ, ನೆಲದ ಹತ್ತಿರ ಮೂಗು ತಂದು ಮೂಸಬೇಕು. ನನಗೀಗ ಮೊಣಕಾಲು ನೋವು, ಆದರೂ ಕೂರುತ್ತೇನೆ. ನಿಜ ಹೇಳಬೇಕೆಂದರೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ದು ನಮಗೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ವಸ್ತು ಬೆರೆಸಿರುತ್ತಾರೆ. ಕೊಳೆತ ಕೋಸಿನ ಹಾಗೆ ನಾರುತ್ತದೆಯಲ್ಲ, ಅದು. ನೆಗಡಿ ಆಗಿದ್ದರೆ ನಿಮ್ಮ ಮೂಗು ನಂಬಬೇಡಿ, ಮನೆಯಲ್ಲಿ ಇನ್ನೊಬ್ಬರನ್ನು ಕರೆಯಿರಿ.

ವಾಸನೆ ಗಟ್ಟಿಯಾಗಿ ಬಂದರೆ ಗೀಸರ್ ಹಚ್ಚುವ ವಿಚಾರ ಅಲ್ಲಿಗೇ ಬಿಡಿ. ರೆಗ್ಯುಲೇಟರ್ ಬಂದ್ ಮಾಡಿ. ಕಿಟಕಿ, ಬಾಗಿಲು ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಹಾಕಿದ್ದನ್ನು ಆರಿಸಲೂಬೇಡಿ. ಇಲ್ಲಿ ತುಂಬ ಜನ ತಪ್ಪುತ್ತಾರೆ. ಗ್ಯಾಸ್ ಹೊರಗೆ ಹೋಗಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಎಕ್ಸಾಸ್ಟ್ ಫ್ಯಾನ್ ಹಾಕುತ್ತಾರೆ. ಸ್ವಿಚ್ಚಿನ ಒಳಗೆ ಆಗುವ ಸಣ್ಣ ಕಿಡಿ ಸಾಕು. ಮನೆಯವರನ್ನೆಲ್ಲ ಹೊರಗೆ ಕರೆದು, ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್ ಅದು, ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ.

ನಮ್ಮ ಊರಿನ ಕೆಲವು ಬಡಾವಣೆಗಳಿಗೆ ಈಗ ಪೈಪ್ ಗ್ಯಾಸ್ ಬಂದಿದೆ. ಅದರ ಗುಣ ಬೇರೆ. ಗಾಳಿಗಿಂತ ಹಗುರ, ಸೋರಿದರೆ ಚಾವಣಿ ಕಡೆಗೆ ಏರುತ್ತದೆ. ಹಾಗಾಗಿ ಪೈಪ್ ಗ್ಯಾಸ್ ಇರುವವರು ಮೇಲೂ ಮೂಸಿ ನೋಡಿ. ಇನ್ನೊಂದು ಮಾತು, ಸಿಲಿಂಡರಿಗೆ ಮಾಡಿದ ಗೀಸರನ್ನು ಹಾಗೇ ತಂದು ಪೈಪ್ ಗ್ಯಾಸಿಗೆ ಜೋಡಿಸುವಂತಿಲ್ಲ. ಒಳಗಿನ ಜೆಟ್ಟಿನ ತೂತಿನ ಅಳತೆಯೇ ಬೇರೆ.

ಆವತ್ತು ಮೇಲೆ ಅಂಥ ಗಟ್ಟಿ ವಾಸನೆ ಇರಲಿಲ್ಲ. ಎಲ್ಲೋ ಒಂದೆಳೆ ಇತ್ತು. ರೆಗ್ಯುಲೇಟರ್ ಬಂದ್ ಮಾಡಿದೆ, ನಳ ಬಂದ್ ಮಾಡಿದೆ, ಹುಡುಗರ ಕೋಣೆಯ ಎರಡೂ ಕಿಟಕಿ ತೆಗೆಸಿದೆ. ಮಳೆ ಎರಚಲು ಅವರ ಹಾಸಿಗೆ ಮೇಲೆ ಬಿತ್ತು. ಬೀಳಲಿ. ಐದು ನಿಮಿಷ ಕಾದೆವು. ಐದು ನಿಮಿಷ ಅಂದರೆ ಗಡಿಯಾರ ನೋಡಿ ಐದು ನಿಮಿಷ. ಅಷ್ಟರಲ್ಲಿ ಚಹಾ ಆದರೂ ಕಾಸೋಣ ಅಂದ ಒಬ್ಬ. ಅವನ ಕಡೆ ನೋಡಿದೆ, ಸುಮ್ಮನಾದ.

ಈ ಐದು ನಿಮಿಷದ ಬೆಲೆ ನನಗೆ ಗೊತ್ತಾಗಿದ್ದು ನನ್ನ ಕೈ ಮೇಲೆಯೇ. ಹತ್ತು ವರ್ಷದ ಹಿಂದಿನ ಮಾತು. ಖಾನಾವಳಿಗೆ ತಡವಾಗಿತ್ತು. ಗೀಸರ್ ಹತ್ತಲಿಲ್ಲ. ನಳ ತೆಗೆ, ಹಾಕು, ತೆಗೆ, ಹಾಕು. ಪ್ರತಿ ಸಲವೂ ಒಂದಿಷ್ಟು ಗ್ಯಾಸ್ ಬಂದು ಹತ್ತದೆ ಒಳಗೇ ಸೇರುತ್ತಿತ್ತು. ಆರನೇ ಸಲವೋ ಏಳನೇ ಸಲವೋ ಕಿಡಿ ಸರಿಯಾಗಿ ಬಿತ್ತು. ಧಡ್ ಅಂತ ಸದ್ದು. ಗೀಸರಿನ ಕಿಂಡಿಯಿಂದ ಒಂದು ಮೊಳ ಬೆಂಕಿ ಹೊರಗೆ ಬಂದು ಒಳಗೆ ಹೋಯಿತು. ಬಲಗೈ ಕೂದಲು ಪೂರ್ತಿ ಸುಟ್ಟು ಸುರುಟಿತ್ತು, ಹುಬ್ಬಿನ ತುದಿಯೂ ಹೋಯಿತು. ನಮ್ಮ ಅತ್ತೆ ಓಡಿ ಬಂದು, "ಎಲ್ಲಾರ ಕೋಳಿ ಸುಟ್ಟಾರೇನ?" ಅಂದರು. ನಾವು ಕೋಳಿ ತಿನ್ನುವವರಲ್ಲ. ಆಮೇಲೆ ನನ್ನ ಮುಖ ನೋಡಿ ಸುಮ್ಮನೆ ಕೂತುಬಿಟ್ಟರು.

ಹಾಗಾಗಿ ನಮ್ಮ ಮನೆಯಲ್ಲಿ ಲೆಕ್ಕ ಇದು: ಒಂದು ಹೊತ್ತಿಗೆ ಮೂರೇ ಸಲ. ಪ್ರತಿ ಸಲದ ನಡುವೆ ಕಾಯಬೇಕು. ಮೂರಕ್ಕೂ ಹತ್ತದಿದ್ದರೆ ಆವತ್ತು ಒಲೆಯ ಮೇಲೆ ನೀರು ಕಾಸಿಕೊಂಡು ಜಳಕ.

ಈಗ ಕಿವಿ.

ನಮ್ಮ ಕಡೆ ಗೋಡೆಗೆ ನೇತುಹಾಕುವ ಗ್ಯಾಸ್ ಗೀಸರ್‌ಗಳಲ್ಲಿ ಸಾಮಾನ್ಯವಾಗಿ ಪೈಲಟ್ ದೀಪ ಇರುವುದಿಲ್ಲ. ಅಂದರೆ ಯಾವಾಗಲೂ ಉರಿಯುತ್ತಿರುವ ಸಣ್ಣ ಬೆಂಕಿ ಇಲ್ಲ. ನಳ ತೆಗೆದ ಪ್ರತಿ ಸಲವೂ ಅದು ಹೊಸದಾಗಿ ಹತ್ತಬೇಕು. ನೀರು ಒಳಗೆ ಬಂದಾಗ ಅದರ ಒತ್ತಡಕ್ಕೆ ಒಂದು ರಬ್ಬರ್ ಪೊರೆ ಉಬ್ಬುತ್ತದೆ. ಪೊರೆ ಒಂದು ಪುಟ್ಟ ಸ್ವಿಚ್ ಒತ್ತುತ್ತದೆ. ಸೆಲ್‌ನ ಕರೆಂಟಿನಿಂದ ಕಿಡಿ ಶುರುವಾಗುತ್ತದೆ, ಅದೇ ಹೊತ್ತಿಗೆ ಗ್ಯಾಸಿನ ವಾಲ್ವ್ ತೆರೆಯುತ್ತದೆ. ಉರಿ ಹತ್ತಿದ್ದು ಒಂದು ಕಡ್ಡಿಗೆ ತಾಗಿ ತಿಳಿದ ಕೂಡಲೇ ಕಿಡಿ ನಿಲ್ಲುತ್ತದೆ. ಉರಿ ಇಲ್ಲದಿದ್ದರೆ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಸರಿಯಾಗಿರುವ ಗೀಸರಿನಲ್ಲಿ ನಮಗೆ ಕೇಳುವುದು ಎರಡೇ ಸದ್ದು. ಟಕ್ ಟಕ್ ಟಕ್, ಆಮೇಲೆ ಭುಸ್.

ಈ ಸದ್ದು ಕೇಳಿದರೆ ಅರ್ಧ ರೋಗ ಗೊತ್ತಾಗುತ್ತದೆ.

ನಳ ತೆಗೆದರೂ ಟಕ್ ಟಕ್ ಅನ್ನುವುದೇ ಇಲ್ಲ ಅಂದರೆ ಗ್ಯಾಸಿನ ಗೋಜಿಗೆ ಹೋಗಬೇಡಿ. ಸೆಲ್ ಸತ್ತಿದೆ, ಇಲ್ಲವೇ ನೀರಿನ ಒತ್ತಡ ಸಾಲದು. ಅದೇ ಹೊತ್ತಿಗೆ ಅಡುಗೆಮನೆಯ ನಳವೂ ತೆರೆದಿದೆಯಾ ನೋಡಿ. ಟಾಕಿಯಲ್ಲಿ ನೀರು ತಳ ಕಂಡಿದೆಯಾ ನೋಡಿ. ಗೀಸರಿಗಿಂತ ಟಾಕಿ ಸಾಕಷ್ಟು ಎತ್ತರದಲ್ಲಿ ಇರಲೇಬೇಕು. ಮೇಲಿನ ಮಹಡಿಯವರಿಗೆ ಈ ತೊಂದರೆ ಜಾಸ್ತಿ, ಯಾಕೆಂದರೆ ಟಾಕಿ ಅವರ ತಲೆ ಮೇಲೆಯೇ ಇರುತ್ತದೆ, ಎತ್ತರ ಸಾಲುವುದಿಲ್ಲ. ನೀರು ಒಳಗೆ ಹೋಗುವ ಪೈಪಿನ ಬಾಯಲ್ಲಿ ಒಂದು ಪುಟ್ಟ ಜಾಳಿಗೆ ಇರುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ಬಂದು ಟಾಕಿ ತಳದಲ್ಲಿ ಕೆಸರು ಕೂತಾಗ ಆ ಜಾಳಿಗೆ ಮುಚ್ಚಿಕೊಳ್ಳುತ್ತದೆ. ನೀರಿನ ವಾಲ್ವ್ ಬಂದ್ ಮಾಡಿ, ಪಾನಾ ಹಿಡಿದು ನಟ್ ಬಿಚ್ಚಿ, ಹಳೆ ಹಲ್ಲಿನ ಬ್ರಷ್‌ನಿಂದ ಉಜ್ಜಿ ಹಾಕಿ. ಬೋರ್ ನೀರು ಬಳಸುವವರಿಗೆ ಅಲ್ಲಿ ಬಿಳಿ ಉಪ್ಪು ಕಟ್ಟಿರುತ್ತದೆ. ಶವರಿನ ತೂತಿಗೂ ಇದೇ ಗತಿ. ನೀರು ಹೊರಗೆ ಬರುವ ದಾರಿ ಕಟ್ಟಿದರೂ ಒಳಗೆ ಹರಿವು ಕಡಿಮೆಯಾಗಿ ಗೀಸರ್ ಹತ್ತುವುದಿಲ್ಲ.

ಟಕ್ ಟಕ್ ಚುರುಕಾಗಿದೆ, ಆದರೆ ಭುಸ್ ಇಲ್ಲ. ಆಗ ಗ್ಯಾಸ್ ಬರುತ್ತಿಲ್ಲ. ಸಿಲಿಂಡರ್ ಖಾಲಿ ಇರಬಹುದು, ರೆಗ್ಯುಲೇಟರ್ ಸರಿಯಾಗಿ ಕೂತಿಲ್ಲದಿರಬಹುದು, ಟ್ಯೂಬ್ ಎಲ್ಲೋ ಮಡಚಿಕೊಂಡಿರಬಹುದು. ಹೊಸ ಸಿಲಿಂಡರ್ ಜೋಡಿಸಿದ್ದರೆ ಟ್ಯೂಬಿನಲ್ಲಿ ಗಾಳಿ ಸೇರಿ ಒಂದೆರಡು ಸಲ ಹತ್ತದೇ ಇರಬಹುದು.

ಟಕ್... ಟಕ್... ಟಕ್... ಅಂತ ಎಳೆದೆಳೆದು ಬಂದರೆ ಸೆಲ್ ಮುಗಿಯುತ್ತಾ ಬಂದಿದೆ. ಆವತ್ತು ಹುಡುಗನ ಕೈಲಿ ಒಂದೇ ಒಂದು ಸಲ ನಳ ತೆಗೆಸಿದೆ, ರೆಗ್ಯುಲೇಟರ್ ಬಂದ್ ಇಟ್ಟುಕೊಂಡೇ. ಗ್ಯಾಸ್ ಇಲ್ಲದೆ ಬರೀ ಸದ್ದು ಕೇಳಲು ಇದು ಒಳ್ಳೆಯ ಉಪಾಯ. ಟಕ್... ಟಕ್... ಮುದುಕರ ನಡಿಗೆಯ ಹಾಗಿತ್ತು.

ಸೆಲ್ ಹಾಕುವ ಡಬ್ಬಿ ಗೀಸರಿನ ಅಡಿಯಲ್ಲಿರುತ್ತದೆ. ಸಾಮಾನ್ಯವಾಗಿ 1.5 ವೋಲ್ಟಿನ ಎರಡು ದಪ್ಪ ಸೆಲ್, ಹಿಂದೆ ಟಾರ್ಚಿಗೆ ಹಾಕುತ್ತಿದ್ದೆವಲ್ಲ, ಅವು. ಎಳೆದು ನೋಡಿದರೆ ಒಂದು ಸೆಲ್ ಬುಡದಲ್ಲಿ ಒದ್ದೆ, ತಗಡಿನ ಮೇಲೆ ಬಿಳಿ ಹಸಿರು ಪುಡಿ. ಸೆಲ್ ಸೋರಿತ್ತು. ಒಣಬಟ್ಟೆಯಿಂದ ಒರೆಸಿ, ನುಣುಪು ಪಾಲಿಶ್ ಕಾಗದದಿಂದ ತಗಡು ಹೊಳೆಯುವ ತನಕ ಉಜ್ಜಿದೆ. ಆ ಪುಡಿ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ, ಕೈ ತೊಳೆಯಿರಿ. ಸೆಲ್ ಹಾಕುವಾಗ ಎರಡೂ ಹೊಸವೇ ಇರಲಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ಹಳೆಯದು ಹೊಸದನ್ನೂ ಬೇಗ ಮುಗಿಸುತ್ತದೆ. ಆಲ್ಕಲೈನ್ ಸೆಲ್‌ಗೆ ದುಡ್ಡು ಜಾಸ್ತಿ, ಬಾಳಿಕೆಯೂ ಜಾಸ್ತಿ. ಪ್ಲಸ್ ಮೈನಸ್ ಗುರುತು ನೋಡಿ. ನಗಬೇಡಿ, ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗ ಉಲ್ಟಾ ಹಾಕಿದ್ದನ್ನು ನಾನೇ ನೋಡಿದ್ದೇನೆ. ಹೊಸ ಸೆಲ್ ಹಾಕಿದ ತಾರೀಖನ್ನು ನಾನು ಗೀಸರಿನ ಪಕ್ಕದ ಗೋಡೆ ಮೇಲೆ ಪೆನ್ಸಿಲ್‌ನಿಂದ ಬರೆಯುತ್ತೇನೆ. ಅಲ್ಲೀಗ ಹಾಲಿನ ಲೆಕ್ಕದ ಹಾಗೆ ಒಂದು ಪಟ್ಟಿಯೇ ಇದೆ.

ಸಿಲಿಂಡರಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಜನ ಇದನ್ನು ಒಪ್ಪುವುದಿಲ್ಲ. "ಒಲಿ ಛಲೋ ಉರಿತೈತಿ, ಗ್ಯಾಸ್ ಐತಿ" ಅಂತಾರೆ. ಗೀಸರ್ ಒಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಗ್ಯಾಸ್ ಎಳೆಯುತ್ತದೆ. 14.2 ಕಿಲೋ ಸಿಲಿಂಡರ್ ಮುಗಿಯುತ್ತಾ ಬಂದಾಗ ಒಲೆಗೆ ಸಾಕಾಗುವಷ್ಟು ಬರುತ್ತದೆ, ಗೀಸರಿಗೆ ಸಾಲುವುದಿಲ್ಲ. ಡಿಸೆಂಬರ್ ಜನವರಿಯ ಚಳಿಯಲ್ಲಿ ಇದು ಇನ್ನೂ ಜಾಸ್ತಿ. ಒಳಗಿನ ದ್ರವ ಆವಿಯಾಗಬೇಕಾದರೆ ಶಾಖ ಬೇಕು, ಚಳಿಯಲ್ಲಿ ಅದು ನಿಧಾನ. ಎಷ್ಟು ಉಳಿದಿದೆ ನೋಡಲು ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಮೇಲಿಂದ ಕೆಳಗೆ ಒರೆಸಿ. ದ್ರವ ಇರುವ ಕೆಳಭಾಗ ನಿಧಾನಕ್ಕೆ ಒಣಗುತ್ತದೆ, ಮೇಲಿನದು ಬೇಗ. ಆ ಗೆರೆಯೇ ಮಟ್ಟ. ಆದರೆ ಉಳಿದದ್ದನ್ನು ತೆಗೆಯಲು ಸಿಲಿಂಡರನ್ನು ಅಡ್ಡ ಮಲಗಿಸುವುದು, ಬಿಸಿನೀರಿನ ಬುಟ್ಟಿಯಲ್ಲಿ ಇಡುವುದು, ಇವನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ. ಅಡ್ಡ ಮಲಗಿಸಿದರೆ ಆವಿಯ ಬದಲು ದ್ರವವೇ ಟ್ಯೂಬಿಗೆ ಬರುತ್ತದೆ.

ಟ್ಯೂಬ್ ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬೇ ಆಗಿರಲಿ. ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಅದರ ಮೇಲೆಯೇ ವರ್ಷ ಅಚ್ಚಾಗಿರುತ್ತದೆ. ಸೋರಿಕೆ ಅನುಮಾನ ಬಂದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಅಲ್ಲೇ ತೂತು. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ಅವರಿಗೆ ನಾನೇನು ಹೇಳಲಿ.

ಈಗ ಹಚ್ಚುವುದು. ಐದು ನಿಮಿಷ ಆಗಿದೆ, ವಾಸನೆ ಪೂರ್ತಿ ಹೋಗಿದೆ, ಹೊಸ ಸೆಲ್ ಇದೆ, ಕಿಟಕಿ ತೆರೆದಿದೆ. ಗ್ಯಾಸಿನ ನಾಬ್ ಕಡಿಮೆಗೆ ತಿರುಗಿಸಿ. ರೆಗ್ಯುಲೇಟರ್ ಆನ್ ಮಾಡಿ. ಒಂದು ನಿಮಿಷ ನಿಂತು ಮತ್ತೆ ಮೂಸಿ. ಆಮೇಲೆ ಗೀಸರಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು ಬಿಸಿನೀರಿನ ನಳವನ್ನು ಪೂರ್ತಿ ತೆಗೆಯಿರಿ. ಅರ್ಧ ತೆಗೆದರೆ ಒತ್ತಡ ಸಾಲದೆ ಮತ್ತೆ ಅದೇ ಪುರಾಣ. ನೋಡುವುದಿದ್ದರೆ ಕಿಂಡಿಯಿಂದ ಓರೆಯಾಗಿ ನೋಡಿ, ಮುಖ ಹತ್ತಿರ ಒಯ್ಯಬೇಡಿ. ಹತ್ತಿದ ಮೇಲೆ ನಾಬ್ ನಿಧಾನಕ್ಕೆ ಏರಿಸಿಕೊಳ್ಳಿ.

ಟಕ್ ಟಕ್ ಟಕ್, ಭುಸ್. ಹುಡುಗರು ಚಪ್ಪಾಳೆ ತಟ್ಟಿದರು.

ನಾನು ಮಾತ್ರ ಉರಿ ನೋಡುತ್ತ ನಿಂತೆ. ಹಳದಿ ಇತ್ತು.

ರೊಟ್ಟಿ ಸುಡುವವರಿಗೆ ಉರಿಯ ಬಣ್ಣ ಹೇಳಿಕೊಡಬೇಕಿಲ್ಲ. ಗ್ಯಾಸಿನ ಉರಿ ನೀಲಿಯಾಗಿ, ಚೂಪಾಗಿ ನಿಲ್ಲಬೇಕು. ಹಳದಿ ನಾಲಿಗೆ ಆಡಿಸುತ್ತಿದ್ದರೆ ಅದಕ್ಕೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಬರ್ನರ್ ಕಟ್ಟಿಕೊಂಡಿದೆ ಅಂತ ಅರ್ಥ. ಒಲೆಯಾದರೆ ಪಾತ್ರೆಯ ತಳ ಕಪ್ಪಾಗುತ್ತದೆ. ಗೀಸರಿನಲ್ಲಿ ಮೇಲಿನ ಗೋಡೆ ಕಪ್ಪಾಗುತ್ತದೆ. ತಲೆ ಎತ್ತಿ ನೋಡಿದರೆ ಸುಣ್ಣದ ಗೋಡೆ ಮೇಲೆ ಬೆರಳಗಲ ಮಸಿ. ನಾಲ್ಕು ನಿಮಿಷಕ್ಕೆ ಉರಿ ತಾನಾಗಿ ಆರಿತು.

ಹುಡುಗರಲ್ಲಿ ಒಬ್ಬ ಮಂಚದ ಮೇಲೆ ಮುಸುಕು ಹಾಕಿಕೊಂಡು ಮಲಗಿದ್ದ. "ಅವಗೇನಾತು?" ಅಂದೆ. "ನಿನ್ನೆಯಿಂದ ತಲಿ ನೋಯಾಕತ್ತೈತಿ ಅಂತ ಕಾಕೂ. ವಾಂತಿ ಬಂದಂಗ ಆಗ್ತೈತಂತ. ಮಳಿಗೆ ನೆಗಡಿ ಆಗಿರಬೇಕ."

ನನ್ನ ಎದೆ ಧಸಕ್ಕೆಂದಿತು. ಅವನೇ ದಿನಾ ಎಲ್ಲರಿಗಿಂತ ಹೆಚ್ಚು ಹೊತ್ತು ಜಳಕ ಮಾಡುವವನು.

ನಮ್ಮ ಮೇಲಿನ ಗೀಸರ್ ಇರುವುದು ಬಚ್ಚಲಿನ ಒಳಗಲ್ಲ, ಹೊರಗಿನ ಪಡಸಾಲೆಯಲ್ಲಿ. ಅದರ ಒಂದು ಬದಿಗೆ ಪೂರ್ತಿ ಕಬ್ಬಿಣದ ಗ್ರಿಲ್, ಗಾಳಿ ಆಡಲಿ ಅಂತ. ಮಳೆ ಎರಚಲು ಬಟ್ಟೆ ಒಣಗಿಸುವ ಹಗ್ಗಕ್ಕೆ ಬೀಳುತ್ತದೆ ಅಂತ ಈ ಜಾಣರು ಆ ಗ್ರಿಲ್ಲಿಗೆ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಯಾವುದೋ ಹುಟ್ಟುಹಬ್ಬದ ಶುಭಾಶಯದ ಬ್ಯಾನರ್. ಚಿತ್ರದ ಮುಖ ಒಳಗಡೆಗೆ. ಮೇಲಿಂದ ಕೆಳಗಿನ ತನಕ ಸುತ್ತಲೂ ಹಗ್ಗ ಬಿಗಿದು, ಅಂಚಿಗೆ ಪ್ಯಾಕಿಂಗ್ ಟೇಪ್ ಬೇರೆ ಹಚ್ಚಿದ್ದರು. ಕಾಲೇಜಿನ ಪ್ರಾಜೆಕ್ಟನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದರೆ ಇವರಿಗೆ ಪೂರ್ತಿ ಮಾರ್ಕ್ಸ್ ಬರುತ್ತಿತ್ತು.

ಸೆಲ್ ಸೋರಿದ್ದು ಒಂದು ರೋಗ. ಆದರೆ ಉರಿ ಆರುತ್ತಿದ್ದುದು ಈ ಫ್ಲೆಕ್ಸಿನಿಂದ. ನಾನು ಬರೀ ಸೆಲ್ ಬದಲಿಸಿ, ಹತ್ತಿತು ಅಂತ ಕೆಳಗೆ ಹೋಗಿದ್ದರೆ?

ಗಾಳಿ ಸಾಲದೆ ಉರಿದ ಗ್ಯಾಸ್ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರಿನ ಗ್ಯಾಸಿಗೆ ಬೆರೆಸಿದ ಹಾಗೆ ಇದಕ್ಕೆ ಯಾರೂ ವಾಸನೆ ಬೆರೆಸಿಲ್ಲ. ಉಸಿರಿನ ಜೊತೆ ಹೋಗಿ, ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಮೊದಲು ತಲೆ ನೋವು, ಹೊಟ್ಟೆ ತೊಳಸುವುದು, ಕೈಕಾಲು ಸೋಲುವುದು. ಎಲ್ಲ ನೆಗಡಿ ಜ್ವರದ ಹಾಗೇ. ಮುಚ್ಚಿದ ಬಚ್ಚಲಿನಲ್ಲಿ ಆದರೆ ಬಾಗಿಲ ಅಗುಳಿ ತೆಗೆಯುವಷ್ಟು ಶಕ್ತಿಯೂ ಉಳಿಯುವುದಿಲ್ಲ.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ಕೆಳಗಿನ ಮನೆಯ ಗೀಸರನ್ನು ಮೊದಲು ಬಚ್ಚಲಿನ ಒಳಗೇ ಹಾಕಿಸಿದ್ದೆವು. ಹಾಕಿದ ಮೆಕ್ಯಾನಿಕ್ "ಏನೂ ಆಗಂಗಿಲ್ರಿ, ಎಲ್ಲಾರೂ ಹಿಂಗ ಹಾಕಸ್ತಾರ" ಅಂದಿದ್ದ. ನನ್ನ ಮಗ ಆಗ ಎಂಟನೇ ಕ್ಲಾಸ್. ಒಂದು ದಿನ ಜಳಕಕ್ಕೆ ಹೋದವನು ಬಕೆಟ್ ಬೀಳಿಸಿದ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ಪುಣ್ಯಕ್ಕೆ ಅವನಿಗೆ ಚಿಲಕ ಹಾಕುವ ಚಟ ಇರಲಿಲ್ಲ. ಗೋಡೆಗೆ ಒರಗಿ ಕೂತಿದ್ದ, ಕಣ್ಣು ತೆರೆದಿತ್ತು, ಕರೆದರೆ ಓ ಅನ್ನುತ್ತಿರಲಿಲ್ಲ. ಎಳೆದು ಅಂಗಳಕ್ಕೆ ತಂದೆವು. ಹತ್ತು ನಿಮಿಷಕ್ಕೆ ಮಾತಾಡಿದ. ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು. ನಮ್ಮ ಅತ್ತೆ ಆವತ್ತು ಒಂದು ಮಾತು ಹೇಳಿದರು: "ನಮ್ಮ ಬಂಬದಾಗ ಹೊಗಿ ಆದ್ರ ಕೆಮ್ಮಿ ಕೆಮ್ಮಿ ನಾವ ಹೊರಗ ಬರ್ತಿದ್ವಿ. ಇದು ಹೇಳೂದ ಇಲ್ಲಲ್ಲ."

ಬಂಬ ಅಂದರೆ ಗೊತ್ತಲ್ವಾ? ತಾಮ್ರದ ಕಂಬದ ಹಾಗಿರುತ್ತದೆ, ನಡುವೆ ಕೊಳವೆ, ಅದರಲ್ಲಿ ಕಟ್ಟಿಗೆ, ತೆಂಗಿನ ಚಿಪ್ಪು ಹಾಕಿ ಉರಿಸುವುದು. ನಮ್ಮದು ಈಗಲೂ ಹಿತ್ತಲಲ್ಲಿದೆ, ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಾರೆ.

ಮರುದಿನವೇ ಆ ಗೀಸರ್ ಬಚ್ಚಲಿನಿಂದ ಹೊರಗೆ ಬಂತು. ಈಗ ಗೋಡೆಯ ಆಚೆ ಇದೆ, ಬಿಸಿನೀರಿನ ಪೈಪ್ ಮಾತ್ರ ಒಳಗೆ. ನಿಮ್ಮ ಗೀಸರ್ ಇನ್ನೂ ಬಚ್ಚಲಿನ ಒಳಗಿದ್ದರೆ ಹೇಗೆ ಹಚ್ಚುವುದು ಅಂತ ನಾನು ಹೇಳಿಕೊಡುವುದಿಲ್ಲ. ಮೊದಲು ಅದನ್ನು ಹೊರಗೆ ಹಾಕಿಸಿ. ಅಲ್ಲಿಯ ತನಕ, ತೀರಾ ಬೇಕೇ ಬೇಕು ಅಂದರೆ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಬದಲಾದ ಮೇಲೆ ಜಳಕಕ್ಕೆ ಹೋಗಿ. ಯಾರಾದರೂ ಒಳಗೆ ತಲೆ ಸುತ್ತಿ ಬಿದ್ದರೆ ಬಾಗಿಲು ತೆರೆದು, ಉಸಿರು ಬಿಗಿಹಿಡಿದು ಎಳೆದು ತನ್ನಿ, 108ಕ್ಕೆ ಫೋನ್ ಮಾಡಿ. ಎಚ್ಚರ ಬಂತಲ್ಲ ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ, ಗ್ಯಾಸ್ ಗೀಸರ್ ಇತ್ತು ಅಂತ ಬಾಯಿಬಿಟ್ಟು ಹೇಳಿ.

ಮುಸುಕು ಹಾಕಿದ್ದ ಹುಡುಗನನ್ನು ಎಬ್ಬಿಸಿ ರಿಕ್ಷಾದಲ್ಲಿ ಆಸ್ಪತ್ರೆಗೆ ಕಳಿಸಿದೆ. ಉಳಿದ ಮೂವರ ಕೈಲಿ ಫ್ಲೆಕ್ಸ್ ಬಿಚ್ಚಿಸಿದೆ. ಟೇಪ್ ಕೀಳಲು ಕಟ್ಟಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. ಗ್ರಿಲ್ ತೆರೆದ ಮೇಲೆ ಮತ್ತೊಮ್ಮೆ ಹಚ್ಚಿದಾಗ ಉರಿ ಮುಕ್ಕಾಲು ನೀಲಿ ಬಂತು, ಅಂಚಿನಲ್ಲಿ ಹಳದಿ ಉಳಿಯಿತು. ಹಾಗಾಗಿ ಬರ್ನರ್ ತೊಳೆಸುವ ತನಕ ಬಂದ್ ಮಾಡಿಬಿಟ್ಟೆ. ಸಂಜೆ ಮೆಕ್ಯಾನಿಕ್ ಬಂದು ಬಿಚ್ಚಿದಾಗ ಬರ್ನರಿನ ಸಾಲಿನಲ್ಲಿ ಜೇಡನ ಬಲೆ, ಬಟ್ಟೆಯ ನೂಲು, ಮಸಿ.

ಇಲ್ಲಿ ಒಂದು ಸಣ್ಣ ಸಮಾಧಾನದ ಮಾತು. ಗೀಸರ್ 20 ನಿಮಿಷಕ್ಕೆ ತಾನಾಗಿ ಆರಿದರೆ ಗಾಬರಿ ಆಗಬೇಡಿ, ಕೆಲವು ಮಾದರಿಗಳಲ್ಲಿ ಟೈಮರೇ ಹಾಗಿರುತ್ತದೆ. ನಳ ಬಂದ್ ಮಾಡಿ ಮತ್ತೆ ತೆಗೆದರೆ ಹತ್ತುತ್ತದೆ. 20 ನಿಮಿಷ ಯಾರಪ್ಪಾ ಜಳಕ ಮಾಡೋದು ಅನ್ನೋದು ಬೇರೆ ಮಾತು.

ಇನ್ನು ಪೈಲಟ್ ದೀಪದ ಗೀಸರ್. ಇದು ನನಗೆ ಗೊತ್ತಾಗಿದ್ದು ಮಗಳಿಂದ. ಅವಳು ಅಮೆರಿಕದ ಓಹಾಯೊದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ, ಇಲ್ಲಿ ಬೆಳಗ್ಗೆ ಏಳೂವರೆ, ಅಲ್ಲಿ ಹಿಂದಿನ ರಾತ್ರಿ ಒಂಬತ್ತು, ವಿಡಿಯೊ ಕಾಲ್ ಬಂತು. "ಅವ್ವಾ, ಇಲ್ಲಿ ಪೈಲಟ್ ಆರೈತಿ. ಹೊರಗ ಬರ್ಫ ಬೀಳಾಕತ್ತೈತಿ. ನೀ ಹೇಳ, ನಾ ಮಾಡ್ತೀನಿ." ನೆಲಮಾಳಿಗೆಯಲ್ಲಿ ಅವಳ ಎತ್ತರದ ದುಂಡನೆ ಟಾಕಿ, 40 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 150 ಲೀಟರ್. ಅದರ ಬುಡದಲ್ಲಿ ಒಂದು ಬೆರಳಿನಷ್ಟು ಬೆಂಕಿ ಹಗಲು ರಾತ್ರಿ ಉರಿಯುತ್ತಲೇ ಇರಬೇಕು. ದೊಡ್ಡ ಬರ್ನರ್ ಹತ್ತುವುದು ಅದರಿಂದ.

ನಾನು ಅಂಥದ್ದನ್ನು ಕಣ್ಣಿಂದ ನೋಡಿರಲಿಲ್ಲ. "ಮೈ ಮ್ಯಾಲ ಚೀಟಿ ಅಂಟಿಸಿರ್ತಾರ, ಅದನ್ನ ಓದು" ಅಂದೆ. ಅಂಟಿಸಿದ್ದರು. ಓದುತ್ತಾ ಹೋದಂತೆ ನಮ್ಮ ಖಾನಾವಳಿಯ ನಿಯಮಗಳೇ ಅವು. ನೆಲದ ಹತ್ತಿರವೂ ಮೂಸಿ ನೋಡಿ ಅಂತ ಅಲ್ಲೂ ಬರೆದಿದ್ದರು. ಅವಳು ಮೂಸಿದಳು, ವಾಸನೆ ಇರಲಿಲ್ಲ. ನಾಬ್‌ನಲ್ಲಿ ಮೂರು ಗುರುತು: ಆಫ್, ಪೈಲಟ್, ಆನ್. ಮೊದಲು ಆಫ್‌ಗೆ ತಿರುಗಿಸಿ ಐದು ನಿಮಿಷ. ಆಮೇಲೆ ಪೈಲಟ್‌ಗೆ ತಿರುಗಿಸಿ ನಾಬ್ ಒಳಗೆ ಒತ್ತಿ ಹಿಡಿಯಬೇಕು. ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕಿಡಿಯ ಬಟನ್ ಒತ್ತಬೇಕು, ಗಾಜಿನ ಕಿಂಡಿಯಲ್ಲಿ ಉರಿ ಕಾಣುವ ತನಕ. ನಾಲ್ಕನೇ ಒತ್ತಿಗೆ ಕಂಡಿತು. ಕೂಡಲೇ ಕೈ ತೆಗೆದಳು, ಆರಿತು.

ಎಲ್ಲರೂ ಇಲ್ಲೇ ಎಡವುವುದು. ಆ ಪುಟ್ಟ ಉರಿಯ ಪಕ್ಕದಲ್ಲಿ ಥರ್ಮೋಕಪಲ್ ಅನ್ನುವ ಲೋಹದ ಕಡ್ಡಿ ಇರುತ್ತದೆ. ಎರಡು ಬೇರೆ ಬೇರೆ ಲೋಹ ಸೇರಿಸಿ ಮಾಡಿದ್ದು. ಬಿಸಿಯಾದಾಗ ತಾನೇ ಚೂರು ಕರೆಂಟ್ ಹುಟ್ಟಿಸುತ್ತದೆ, ಒಂದು ವೋಲ್ಟನ್ನು ನೂರು ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲು. ಅಷ್ಟರಿಂದಲೇ ಗ್ಯಾಸಿನ ವಾಲ್ವ್ ತೆರೆದು ನಿಲ್ಲುತ್ತದೆ. ಉರಿ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ಮುಚ್ಚುತ್ತದೆ. ಕಡ್ಡಿ ಕಾಯಲು ಹೊತ್ತು ಬೇಕು, ಆ ತನಕ ನಿಮ್ಮ ಬೆರಳೇ ವಾಲ್ವ್ ಹಿಡಿದಿರಬೇಕು. ಮತ್ತೆ ಆಫ್ ಮಾಡಿಸಿ ಐದು ನಿಮಿಷ ಕಾಯಿಸಿದೆ. ಎರಡನೇ ಸಲ ಉರಿ ಕಂಡ ಮೇಲೆ ಪೂರ್ತಿ ಒಂದು ನಿಮಿಷ ಹಿಡಿಸಿದೆ. ನಾನು ಇಲ್ಲಿಂದ ಅರವತ್ತರ ತನಕ ಎಣಿಸಿದೆ. ನಿಧಾನಕ್ಕೆ ಬಿಟ್ಟಳು. ನಿಂತಿತು. ಆನ್‌ಗೆ ತಿರುಗಿಸಿದಾಗ ದೊಡ್ಡ ಬರ್ನರ್ ಹತ್ತಿದ ಭುಸ್ ಸದ್ದು ಫೋನಿನಲ್ಲಿ ನನಗೂ ಕೇಳಿತು. ಬಿಸಿಯನ್ನು 120 ಫ್ಯಾರನ್‌ಹೀಟಿಗೆ ಇಡು ಅಂದೆ, ಅಂದರೆ ಸುಮಾರು 49 ಡಿಗ್ರಿ ಸೆಲ್ಸಿಯಸ್. ಮೊಮ್ಮಗಳ ಚರ್ಮಕ್ಕೆ ಅದಕ್ಕಿಂತ ಜಾಸ್ತಿ ಬೇಡ.

ಒಂದು ನಿಮಿಷ ಹಿಡಿದರೂ ಆರುತ್ತಲೇ ಇದ್ದರೆ ಥರ್ಮೋಕಪಲ್ ಕೆಟ್ಟಿರಬಹುದು ಅಥವಾ ಪೈಲಟ್ ತೂತು ಕಟ್ಟಿರಬಹುದು. ಅದು ತಿಳಿದವರ ಕೆಲಸ. ನಾಬ್ ಬಿಟ್ಟ ಮೇಲೂ ಮೇಲೆ ಏಳದೆ ಒಳಗೇ ಸಿಕ್ಕಿಕೊಂಡರೆ ಗ್ಯಾಸ್ ಬಂದ್ ಮಾಡಿ ಜನ ಕರೆಸಿ. ನಾಬ್‌ಗೆ ಯಾವತ್ತೂ ಪಾನಾ ಹಾಕಿ ತಿರುಗಿಸಬಾರದು, ಕೈಯಿಂದ ತಿರುಗದಿದ್ದರೆ ಅದು ಕೆಟ್ಟಿದೆ ಅಂತಲೇ. ಟಾಕಿಯ ಬುಡ ನೀರಿನಲ್ಲಿ ಮುಳುಗಿತ್ತು ಅಂದರೆ ಒಣಗಿದ ಮೇಲೂ ಹಚ್ಚಬಾರದು.

ನಮ್ಮ ಹುಡುಗ ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಬಂದು ನಾಲ್ಕು ರೊಟ್ಟಿ ತಿಂದ. ಗ್ರಿಲ್ ಮೇಲೆ ಈಗ ತಗಡಿನ ಒಂದು ಇಳಿಜಾರು ಹಾಕಿಸಿದ್ದೇನೆ, ಎರಚಲು ತಡೆಯುತ್ತದೆ, ಗಾಳಿ ಆಡುತ್ತದೆ. ಬಟ್ಟೆ ಹಗ್ಗ ಬೇರೆ ಕಡೆ ಹೋಯಿತು. ಪ್ರತಿ ವರ್ಷ ಮಳೆ ಶುರುವಾಗುವ ಮುಂಚೆ, ಮೇ ಕೊನೆಗೆ, ಎರಡೂ ಗೀಸರ್ ಬಿಚ್ಚಿಸಿ ಬರ್ನರ್ ತೊಳೆಸುತ್ತೇನೆ. ಮೆಕ್ಯಾನಿಕ್ ಮುಚ್ಚಳ ಹಾಕಿದ ಮೇಲೆ ದುಡ್ಡು ಕೊಡುವ ಮುಂಚೆ ಒಂದು ಬಟ್ಟಲು ಸೋಪಿನ ನೀರು ಅವನ ಮುಂದೆ ಇಡುತ್ತೇನೆ. ಮೊದಲ ಸಲ ಅವನಿಗೆ ಸಿಟ್ಟು ಬಂದಿತ್ತು. ಈಗ ತಾನೇ ಕೇಳುತ್ತಾನೆ, "ಅಕ್ಕಾರ, ಸಾಬಾನ ನೀರು ಎಲ್ಲಿ?"